ಬಿಸಿಲಿನ ಲೆಕ್ಕ, ಬಿಲ್ಲಿನ ಲೆಕ್ಕ

ಮನೆಯ ತಾರಸಿಯ ಮೇಲಿನ ಸೌರಫಲಕಗಳ ಸಾಮರ್ಥ್ಯವನ್ನು ಕಿಲೋವ್ಯಾಟ್‌ಗಳಲ್ಲಿ ಹೇಳುತ್ತಾರೆ, ಅವು ಕೊಡುವ ವಿದ್ಯುತ್ತನ್ನು ಯೂನಿಟ್‌ಗಳಲ್ಲಿ ಅಳೆಯುತ್ತಾರೆ. ಒಂದು ಕಿಲೋವ್ಯಾಟ್ ಸಾಮರ್ಥ್ಯದ ಫಲಕ ಪೂರ್ತಿ ಶಕ್ತಿಯಲ್ಲಿ ಒಂದು ಗಂಟೆ ದುಡಿದರೆ ಸಿಗುವುದು ಒಂದು ಯೂನಿಟ್. ಕರ್ನಾಟಕದ ಬಿಸಿಲಿನಲ್ಲಿ ಇಂಥ ಒಂದು ಕಿಲೋವ್ಯಾಟ್‌ನಿಂದ ವರ್ಷಕ್ಕೆ ಸುಮಾರು 1,400 ಯೂನಿಟ್, ಅಂದರೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್‌ಗೆ ತುಸು ಕಡಿಮೆ ವಿದ್ಯುತ್ ನಿರೀಕ್ಷಿಸಬಹುದು. ಆದರೆ ಇದೇ 1,400 ಯೂನಿಟ್ ಒಂದು ಮನೆಗೆ ವರ್ಷಕ್ಕೆ ಒಂಬತ್ತು ಸಾವಿರ ರೂಪಾಯಿಗೂ ಹೆಚ್ಚು ಉಳಿಸಿಕೊಟ್ಟರೆ, ಪಕ್ಕದ ಮನೆಗೆ ಮೂರೂವರೆ ಸಾವಿರವನ್ನೂ ಉಳಿಸದೇ ಹೋಗಬಹುದು. ಎರಡೂ ತಾರಸಿಗಳ ಮೇಲೆ ಬೀಳುವುದು ಒಂದೇ ಬಿಸಿಲು. ವ್ಯತ್ಯಾಸ ಇರುವುದು ಎರಡು ಮನೆಗಳ ಕರೆಂಟ್ ಬಿಲ್ಲಿನಲ್ಲಿ. ಎಷ್ಟು ವಿದ್ಯುತ್ ಹುಟ್ಟುತ್ತದೆ ಎಂಬುದನ್ನು ಬಿಸಿಲು ತೀರ್ಮಾನಿಸಿದರೆ, ಅದು ಎಷ್ಟು ಹಣವಾಗುತ್ತದೆ ಎಂಬುದನ್ನು ಬಿಲ್ಲು ತೀರ್ಮಾನಿಸುತ್ತದೆ. ಆದ್ದರಿಂದ ಮನೆಯ ಸೌರ ಘಟಕದ ಲೆಕ್ಕವನ್ನು ಈ ಎರಡು ಹಂತಗಳಲ್ಲೇ ಬಿಡಿಸಬೇಕಾಗುತ್ತದೆ.

ತಾರಸಿಯ ಮೇಲೆ

ಫಲಕದ ಹಿಂಬದಿಯ ಚೀಟಿಯಲ್ಲಿ ಬರೆದಿರುವ ವ್ಯಾಟ್ ಪ್ರಯೋಗಾಲಯದಲ್ಲಿ ಅಳೆದದ್ದು. ಒಂದು ಚದರ ಮೀಟರ್‌ಗೆ 1,000 ವ್ಯಾಟ್ ಬೆಳಕು ಬೀಳುವಾಗ, ಫಲಕದೊಳಗಿನ ಕೋಶಗಳು 25 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದಾಗ ಸಿಗುವ ಶಕ್ತಿ ಅದು. ತಾರಸಿಯ ಮೇಲೆ ಈ ಎರಡೂ ಷರತ್ತುಗಳು ಒಟ್ಟಿಗೆ ಕೂಡಿಬರುವುದು ಅಪರೂಪ. ಬೆಳಕು ಜೋರಾದಂತೆ ಫಲಕವೂ ಕಾಯುತ್ತದೆ. ಬೇಸಿಗೆಯ ಮಧ್ಯಾಹ್ನ ಕೋಶಗಳ ಉಷ್ಣತೆ 55ರಿಂದ 65 ಡಿಗ್ರಿ ಮುಟ್ಟುತ್ತದೆ. 25 ಡಿಗ್ರಿಯ ಮೇಲೆ ಏರುವ ಪ್ರತಿ ಡಿಗ್ರಿಗೂ ಸಿಲಿಕಾನ್ ಫಲಕದ ಉತ್ಪಾದನೆ ಶೇ 0.3ರಿಂದ 0.4ರಷ್ಟು ಕುಸಿಯುತ್ತದೆ. ಫಲಕಕ್ಕೆ ಬೇಕಾದದ್ದು ಬೆಳಕು, ಬಿಸಿಯಲ್ಲ. ಹಾಗಾಗಿ ಮೇ ತಿಂಗಳ ರಾಯಚೂರು, ಕಲಬುರಗಿಯ ಉರಿಬಿಸಿಲಿನಲ್ಲಿ ಹೇರಳ ಬೆಳಕು ಸಿಕ್ಕರೂ ಅದರಲ್ಲೊಂದು ಪಾಲನ್ನು ಬಿಸಿಯೇ ನುಂಗುತ್ತದೆ. ಬೆಂಗಳೂರು, ಮೈಸೂರುಗಳಂಥ ತಂಪು ಊರುಗಳಲ್ಲಿ ಈ ನಷ್ಟ ಕಡಿಮೆ.

ಋತುಮಾನದ ಏರಿಳಿತವೂ ದೊಡ್ಡದೇ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಆಕಾಶ ತಿಳಿಯಾಗಿರುವುದರಿಂದ ಉತ್ಪಾದನೆ ಹೆಚ್ಚು. ಜೂನ್‌ನಿಂದ ಆಗಸ್ಟ್‌ವರೆಗೆ ಮುಂಗಾರಿನ ಮೋಡ ಅದನ್ನು ಇಳಿಸುತ್ತದೆ. ಕರಾವಳಿ, ಮಲೆನಾಡುಗಳಲ್ಲಂತೂ ಇಳಿತ ಎದ್ದುಕಾಣುತ್ತದೆ. ಮೋಡವಿದ್ದರೂ ಫಲಕ ಪೂರ್ತಿ ನಿಲ್ಲುವುದಿಲ್ಲ, ಚದುರಿದ ಬೆಳಕಿನಲ್ಲೇ ಒಂದಿಷ್ಟು ದುಡಿಯುತ್ತದೆ. ಆದರೂ ವರ್ಷದ ಸರಾಸರಿಯನ್ನು ಜುಲೈ ತಿಂಗಳಲ್ಲಿ ಹುಡುಕಿದರೆ ನಿರಾಶೆಯೇ ಗತಿ.

ಫಲಕಗಳನ್ನು ದಕ್ಷಿಣಕ್ಕೆ ಮುಖಮಾಡಿ, ಊರಿನ ಅಕ್ಷಾಂಶಕ್ಕೆ ಹೆಚ್ಚುಕಡಿಮೆ ಸಮನಾದ ಓರೆಯಲ್ಲಿ ಕೂರಿಸುವುದು ವಾಡಿಕೆ. ಬೆಂಗಳೂರಿಗೆ ಅದು 13 ಡಿಗ್ರಿಯ ಆಸುಪಾಸು. ಓರೆ ಒಂದೆರಡು ಡಿಗ್ರಿ ಅತ್ತಿತ್ತ ಆದರೆ ದೊಡ್ಡ ನಷ್ಟವಿಲ್ಲ. ದೊಡ್ಡ ನಷ್ಟ ತರುವುದು ನೆರಳು. ಒಂದು ಫಲಕದೊಳಗಿನ ಕೋಶಗಳೆಲ್ಲ ಒಂದರ ಹಿಂದೊಂದು ಸರಣಿಯಾಗಿ ಜೋಡಿಸಿದವು. ಒಂದೇ ಕಾಲುವೆಯಲ್ಲಿ ಹರಿಯುವ ನೀರಿನಂತೆ ಒಂದೇ ಪ್ರವಾಹ ಎಲ್ಲವುಗಳ ಮೂಲಕ ಹಾದುಹೋಗಬೇಕು. ಒಂದು ಕೋಶ ನೆರಳಿಗೆ ಬಿದ್ದರೆ ಕಾಲುವೆಗೆ ಅಡ್ಡಗಟ್ಟಿದಂತೆ. ಇದನ್ನು ತಪ್ಪಿಸಲು ಫಲಕವನ್ನು ಸಾಮಾನ್ಯವಾಗಿ ಮೂರು ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿಗೂ ಒಂದು ಬೈಪಾಸ್ ಡಯೋಡ್ ಇಟ್ಟಿರುತ್ತಾರೆ. ನೆರಳಿಗೆ ಸಿಕ್ಕ ಗುಂಪನ್ನು ಬಿಟ್ಟು ಪ್ರವಾಹ ಸುತ್ತುಹಾದಿಯಲ್ಲಿ ಹೋಗುತ್ತದೆ. ಅಷ್ಟಾದರೂ ಅಂಗೈಯಗಲದ ನೆರಳು ಫಲಕದ ಮೂರನೇ ಒಂದು ಭಾಗವನ್ನು ಸುಮ್ಮನಾಗಿಸಬಲ್ಲದು.

ಕರ್ನಾಟಕದ ಮನೆಗಳಲ್ಲಿ ಇಂಥ ನೆರಳಿನ ಒಂದು ಮೂಲ ವಾಸ್ತು. ಓವರ್‌ಹೆಡ್ ಟ್ಯಾಂಕನ್ನು ನೈಋತ್ಯ ಮೂಲೆಯಲ್ಲಿ ಎತ್ತರಕ್ಕೆ ಇಡುವುದು ರೂಢಿ. ಜೂನ್ ತಿಂಗಳಲ್ಲಿ ಬೆಂಗಳೂರಿನ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೇ ಇರುವುದರಿಂದ ಟ್ಯಾಂಕಿನ ನೆರಳು ಅದರ ಬುಡ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಡಿಸೆಂಬರ್‌ನಲ್ಲಿ ಸೂರ್ಯ ನೆತ್ತಿಯಿಂದ ಸುಮಾರು 36 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಫಲಕದ ಮಟ್ಟಕ್ಕಿಂತ ಎರಡು ಮೀಟರ್ ಎತ್ತರವಿರುವ ಟ್ಯಾಂಕಿನ ನೆರಳು ಮಧ್ಯಾಹ್ನವೇ ಉತ್ತರಕ್ಕೆ ಒಂದೂವರೆ ಮೀಟರ್ ಚಾಚುತ್ತದೆ. ಹೊತ್ತು ಇಳಿದಂತೆ ಈಶಾನ್ಯದ ಕಡೆಗೆ ತಿರುಗಿ ತಾರಸಿಯ ಉದ್ದಗಲ ಸವರುತ್ತದೆ. ಮೇ ತಿಂಗಳಲ್ಲಿ ಜಾಗ ನೋಡಿ ಅಳತೆ ಹಿಡಿದವರಿಗೆ ಈ ನೆರಳು ಕಣ್ಣಿಗೆ ಬಿದ್ದಿರುವುದೇ ಇಲ್ಲ. ಪಕ್ಕದ ನಿವೇಶನದ ತೆಂಗಿನ ಮರ, ಮುಂದೆ ಎದ್ದುನಿಲ್ಲಬಹುದಾದ ಮೂರನೇ ಮಹಡಿ, ಡಿಶ್ ಆಂಟೆನಾ, ಸೋಲಾರ್ ವಾಟರ್ ಹೀಟರಿನ ಟ್ಯಾಂಕು ಇವೆಲ್ಲವೂ ಇದೇ ಲೆಕ್ಕಕ್ಕೆ ಸೇರುತ್ತವೆ.

ಎರಡು ಲಕ್ಷ ಎಲ್ಲಿ ಹೋಗುತ್ತದೆ

ಮನೆಬಳಕೆಗೆ ಹೆಚ್ಚಾಗಿ ಕೂರಿಸುವುದು ಮೂರು ಕಿಲೋವ್ಯಾಟ್ ಘಟಕ. ಈಗ ಮಾರುಕಟ್ಟೆಯಲ್ಲಿರುವ 540-550 ವ್ಯಾಟ್‌ನ ಫಲಕಗಳಾದರೆ ಆರು ಸಾಕು. ಒಂದೊಂದೂ ಸುಮಾರು 2.3 ಮೀಟರ್ ಉದ್ದ, 1.1 ಮೀಟರ್ ಅಗಲ, 28 ಕಿಲೋ ತೂಕ. ಆರು ಫಲಕಗಳು ಆವರಿಸುವ ಜಾಗ 170 ಚದರ ಅಡಿಯಷ್ಟೇ ಆದರೂ ಓಡಾಡಲು, ತೊಳೆಯಲು ಬಿಡುವ ಜಾಗ ಸೇರಿ 250ರಿಂದ 300 ಚದರ ಅಡಿ ನೆರಳಿಲ್ಲದ ತಾರಸಿ ಬೇಕಾಗುತ್ತದೆ.

ಇಂಥ ಘಟಕಕ್ಕೆ ಸಹಾಯಧನ ಕಳೆಯುವ ಮುನ್ನ ತಗಲುವ ಖರ್ಚು ಸಾಮಾನ್ಯವಾಗಿ 1.8 ಲಕ್ಷದಿಂದ 2.2 ಲಕ್ಷ ರೂಪಾಯಿ. ಹೆಚ್ಚುಕಡಿಮೆ ಅರ್ಧದಷ್ಟು ಫಲಕಗಳಿಗೇ ಹೋಗುತ್ತದೆ. ಫಲಕದಿಂದ ಬರುವ ಡಿಸಿ ವಿದ್ಯುತ್ತನ್ನು ಮನೆಗೆ ಬೇಕಾದ ಎಸಿಗೆ ತಿರುಗಿಸುವ ಇನ್ವರ್ಟರ್ ಎರಡನೆಯ ದೊಡ್ಡ ಬಾಬತ್ತು. ಉಳಿದದ್ದು ಕಬ್ಬಿಣ ಅಥವಾ ಅಲ್ಯೂಮಿನಿಯಂ ಚೌಕಟ್ಟು, ಕೇಬಲ್, ಅರ್ಥಿಂಗ್, ಸಿಡಿಲು ತಡೆ, ರಕ್ಷಣಾ ಪೆಟ್ಟಿಗೆ, ಮೀಟರು, ಕೂಲಿ. ಚೌಕಟ್ಟಿನ ಖರ್ಚು ಮನೆಯಿಂದ ಮನೆಗೆ ಬದಲಾಗುತ್ತದೆ. ಸಮತಟ್ಟಾದ ಆರ್‌ಸಿಸಿ ತಾರಸಿಯ ಮೇಲೆ ಕೆಲಸ ಸುಲಭ. ಫಲಕಗಳ ಅಡಿಯಲ್ಲಿ ಬಟ್ಟೆ ಒಣಹಾಕುವಷ್ಟು ಎತ್ತರ ಬೇಕೆಂದರೆ ಕಬ್ಬಿಣದ ಖರ್ಚು ಏರುತ್ತದೆ. ಮಂಗಳೂರು ಹೆಂಚಿನ ಮಾಡಿಗೆ ಹೆಂಚು ಬಿಚ್ಚಿ, ಕೆಳಗಿನ ಮರ ಭಾರ ತಡೆಯುತ್ತದೆಯೇ ಎಂದು ನೋಡಿ, ಕೊಕ್ಕೆಗಳನ್ನು ಪಕಾಸಿಗೆ ಬಿಗಿಯಬೇಕು. ಕಡಲತೀರದಲ್ಲಿ ಉಪ್ಪುಗಾಳಿ ತಡೆಯುವ ಲೇಪನವಿಲ್ಲದ ಚೌಕಟ್ಟು ಕೆಲವೇ ವರ್ಷಗಳಲ್ಲಿ ತುಕ್ಕು ಹಿಡಿಯುತ್ತದೆ. ಫಲಕ ಇಪ್ಪತ್ತೈದು ವರ್ಷ ಬಾಳುವ ವಸ್ತುವಾದ್ದರಿಂದ ಅದನ್ನು ಹೊತ್ತ ಕಬ್ಬಿಣವೂ ಅಷ್ಟು ವರ್ಷ ಬಾಳಲೇಬೇಕು.

ತೆರಿಗೆಯ ಪಾಲು ಇತ್ತೀಚೆಗೆ ಇಳಿದಿದೆ. ಸೌರ ಘಟಕದ ಒಟ್ಟು ಗುತ್ತಿಗೆಯಲ್ಲಿ ಶೇ 70ನ್ನು ಸರಕು, ಶೇ 30ನ್ನು ಸೇವೆ ಎಂದು ಪರಿಗಣಿಸಿ ಜಿಎಸ್‌ಟಿ ಹಾಕಲಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೌರ ಸಾಧನಗಳ ಮೇಲಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿಯಿತು; ಸೇವೆಯ ಮೇಲಿನ ಶೇ 18 ಹಾಗೇ ಉಳಿಯಿತು. ಎರಡನ್ನೂ ಕೂಡಿಸಿದರೆ ಒಟ್ಟು ಭಾರ ಶೇ 13.8ರಿಂದ ಶೇ 8.9ಕ್ಕೆ ಬಂದಿದೆ.

ಸಹಾಯಧನದ ಮೆಟ್ಟಿಲುಗಳು

2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಪಿಎಂ ಸೂರ್ಯ ಘರ್: ಮುಫ್ತ್ ಬಿಜಲಿ ಯೋಜನೆ’ ಒಂದು ಕೋಟಿ ಮನೆಗಳ ಗುರಿ ಇಟ್ಟುಕೊಂಡಿದೆ. ಅದಕ್ಕೆ ಗೊತ್ತುಪಡಿಸಿದ ಮೊತ್ತ 75,021 ಕೋಟಿ ರೂಪಾಯಿ, ಅವಧಿ 2026-27ರವರೆಗೆ. ಇದರಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗಳಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ ಸಿಗುತ್ತದೆ. ಅಲ್ಲಿಗೆ ಒಟ್ಟು 78,000. ನಾಲ್ಕನೆಯ ಕಿಲೋವ್ಯಾಟ್‌ನಿಂದಾಚೆ ಬಿಡಿಗಾಸೂ ಇಲ್ಲ.

ಈ ಮೊತ್ತಗಳ ಹಿಂದೆ ಒಂದು ಮಾನದಂಡ ಬೆಲೆಯಿದೆ. ಮೊದಲ ಎರಡು ಕಿಲೋವ್ಯಾಟ್‌ಗಳಿಗೆ ತಲಾ 50,000 ರೂಪಾಯಿ ಎಂದು ಹಿಡಿದು ಅದರ ಶೇ 60; ಮೂರನೆಯದಕ್ಕೆ 45,000 ಎಂದು ಹಿಡಿದು ಅದರ ಶೇ 40. ಮಾರುಕಟ್ಟೆಯ ಬೆಲೆ ಮಾನದಂಡಕ್ಕಿಂತ ಹೆಚ್ಚಿರುವುದರಿಂದ ಗ್ರಾಹಕರ ಕೈಯಲ್ಲಿ ಈ ಪ್ರಮಾಣ ಕುಗ್ಗುತ್ತದೆ. ಎರಡು ಲಕ್ಷದ ಘಟಕಕ್ಕೆ 78,000 ಎಂದರೆ ಶೇ 39.

ಬೆಲೆಯ ಈ ಅಂತರಕ್ಕೆ ಯೋಜನೆಯ ಷರತ್ತೂ ಒಂದು ಕಾರಣ. ಸಹಾಯಧನ ಬೇಕಾದರೆ ಫಲಕ ಮಾತ್ರವಲ್ಲ, ಅದರೊಳಗಿನ ಸೌರಕೋಶಗಳೂ ಭಾರತದಲ್ಲೇ ತಯಾರಾಗಿರಬೇಕು. ವ್ಯಾಪಾರಿಗಳ ಬಾಯಲ್ಲಿ ಇದಕ್ಕೆ ‘ಡಿಸಿಆರ್ ಪ್ಯಾನೆಲ್’ ಎಂಬ ಹೆಸರಿದೆ. ಆಮದು ಕೋಶಗಳನ್ನು ತಂದು ಇಲ್ಲಿ ಜೋಡಿಸಿದ ಫಲಕಗಳಿಗಿಂತ ಇವುಗಳ ಬೆಲೆ ಹೆಚ್ಚು. ಹೀಗೆ ಸಹಾಯಧನದ ಒಂದು ಪಾಲು ಮನೆಯವರ ಕೈಗೆ ಬಂದು, ಅಲ್ಲಿಂದ ದೇಶೀ ಕೋಶ ತಯಾರಕರ ಕಡೆಗೆ ಹೋಗುತ್ತದೆ. ಒಂದೇ ಹಣದಲ್ಲಿ ಮನೆಯ ಬಿಲ್ಲನ್ನೂ ದೇಶದ ಉದ್ಯಮವನ್ನೂ ನೋಡಿಕೊಳ್ಳುವುದು ಸರ್ಕಾರದ ಎಣಿಕೆ.

ಹಣ ಮೊದಲೇ ಸಿಗುವುದಿಲ್ಲ. ರಾಷ್ಟ್ರೀಯ ಪೋರ್ಟಲಿನಲ್ಲಿ ವಿದ್ಯುತ್ ಸರಬರಾಜು ಕಂಪನಿ (ಎಸ್ಕಾಂ) ಮತ್ತು ಬಿಲ್ಲಿನಲ್ಲಿರುವ ಆರ್‌ಆರ್ ಸಂಖ್ಯೆ ನಮೂದಿಸಿ ಅರ್ಜಿ ಹಾಕಬೇಕು. ನೋಂದಾಯಿತ ಮಾರಾಟಗಾರರಿಂದಲೇ ಘಟಕ ಹಾಕಿಸಬೇಕು. ಎಸ್ಕಾಂ ಪರಿಶೀಲಿಸಿ ಎರಡು ದಿಕ್ಕಿನ ಮೀಟರ್ ಕೂರಿಸಿ ಚಾಲನೆ ಕೊಡಬೇಕು. ಆಮೇಲಷ್ಟೇ ಸಹಾಯಧನ ಮನೆಯವರ ಬ್ಯಾಂಕ್ ಖಾತೆಗೆ ಬರುತ್ತದೆ. ಹತ್ತು ಕಿಲೋವ್ಯಾಟ್‌ವರೆಗಿನ ಘಟಕಗಳಿಗೆ ಪ್ರತ್ಯೇಕ ತಾಂತ್ರಿಕ ಕಾರ್ಯಸಾಧ್ಯತೆಯ ಅಧ್ಯಯನ ಬೇಕಿಲ್ಲ ಎಂದು 2024ರಲ್ಲಿ ಗ್ರಾಹಕ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂದಮೇಲೆ ಈ ದಾರಿ ಹಿಂದಿಗಿಂತ ಚಿಕ್ಕದಾಗಿದೆ.

ಅಪಾರ್ಟ್‌ಮೆಂಟ್‌ಗಳ ಸ್ಥಿತಿ ಬೇರೆ. ಅಲ್ಲಿ ತಾರಸಿ ಎಲ್ಲರದು, ಮೀಟರು ಮಾತ್ರ ಒಬ್ಬೊಬ್ಬರದು. ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪ, ವಾಹನ ಚಾರ್ಜಿಂಗ್‌ನಂಥ ಸಾಮೂಹಿಕ ಬಳಕೆಗೆ ವಸತಿ ಸಂಘಗಳು ಹಾಕಿಸುವ ಘಟಕಕ್ಕೆ ಇದೇ ಯೋಜನೆಯಲ್ಲಿ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಿಗುತ್ತದೆ. ಮಿತಿ 500 ಕಿಲೋವ್ಯಾಟ್, ಒಂದು ಮನೆಗೆ ಮೂರು ಕಿಲೋವ್ಯಾಟ್‌ನಂತೆ.

ಹಗಲಿನ ಕೈಗಡ

ಫಲಕ ದುಡಿಯುವ ಹೊತ್ತಿಗೂ ಮನೆಗೆ ವಿದ್ಯುತ್ ಬೇಕಾಗುವ ಹೊತ್ತಿಗೂ ಹೊಂದಿಕೆ ಕಡಿಮೆ. ಬೆಳಗ್ಗೆ ಆರೂವರೆಗೆ ಗೀಸರ್ ಹಾಕುವಾಗ ಫಲಕ ಇನ್ನೂ ಎಚ್ಚರಗೊಳ್ಳುತ್ತಿರುತ್ತದೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ಗಡಿಬಿಡಿ ಮುಗಿದು ಮನೆಮಂದಿ ಕೆಲಸಕ್ಕೆ, ಶಾಲೆಗೆ ಹೋದಮೇಲೆ ಹನ್ನೊಂದರಿಂದ ಎರಡರವರೆಗೆ ಅದು ಭರದಿಂದ ಉತ್ಪಾದಿಸುತ್ತದೆ; ಆಗ ಮನೆಯಲ್ಲಿ ಓಡುತ್ತಿರುವುದು ಫ್ರಿಜ್ಜು ಮಾತ್ರ. ಸಂಜೆ ದೀಪ, ಟಿವಿ, ಫ್ಯಾನು ಹಾಕುವ ಹೊತ್ತಿಗೆ ಫಲಕದ ದಿನ ಮುಗಿದಿರುತ್ತದೆ. ಮಧ್ಯಾಹ್ನದ ಹೆಚ್ಚುವರಿ ವಿದ್ಯುತ್ ಎಸ್ಕಾಂನ ತಂತಿಗೆ ಹೋಗಿ ಅಕ್ಕಪಕ್ಕದ ಮನೆಗಳಲ್ಲಿ ಖರ್ಚಾಗುತ್ತದೆ. ರಾತ್ರಿ ಅದೇ ತಂತಿಯಿಂದ ಮನೆಗೆ ವಿದ್ಯುತ್ ಬರುತ್ತದೆ.

ಈ ಕೊಡುಕೊಳ್ಳುವಿಕೆಯನ್ನು ಎಣಿಸುವುದೇ ನೆಟ್ ಮೀಟರಿಂಗ್. ಮೀಟರಿನ ಪರದೆಯ ಮೇಲೆ ಅಂಕಿಗಳು ಒಂದಾದಮೇಲೊಂದು ಬರುತ್ತವೆ: ಎಸ್ಕಾಂನಿಂದ ಪಡೆದ ಯೂನಿಟ್‌ಗಳು ‘ಇಂಪೋರ್ಟ್’, ಎಸ್ಕಾಂಗೆ ಕೊಟ್ಟವು ‘ಎಕ್ಸ್‌ಪೋರ್ಟ್’. ತಿಂಗಳ ಕೊನೆಗೆ ಮೊದಲನೆಯದರಿಂದ ಎರಡನೆಯದನ್ನು ಕಳೆದು ಉಳಿದ ಯೂನಿಟ್‌ಗಳಿಗೆ ಮಾತ್ರ ಬಿಲ್ಲು. ನೆರೆಮನೆಗೆ ಹಗಲು ಕೊಟ್ಟ ಕೈಗಡವನ್ನು ರಾತ್ರಿ ಸರಿಸಮ ವಾಪಸು ಪಡೆದಂತೆ. ಆದರೆ ಈ ಸರಿಸಮ ವಿನಿಮಯ ಮನೆಯ ಬಳಕೆ ಮುಗಿಯುವವರೆಗೆ ಮಾತ್ರ. ಬಳಸಿದ್ದಕ್ಕಿಂತ ಹೆಚ್ಚು ಕೊಟ್ಟರೆ, ಆ ಹೆಚ್ಚಳಕ್ಕೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಗದಿಪಡಿಸಿದ ಬೇರೆ ದರ ಸಿಗುತ್ತದೆ. ಸಹಾಯಧನ ಪಡೆದ ಸಣ್ಣ ಘಟಕಗಳಿಗೆ ಅದು ಈಗ ಯೂನಿಟ್‌ಗೆ ಎರಡು-ಮೂರು ರೂಪಾಯಿಯ ಆಸುಪಾಸಿನಲ್ಲಿದೆ.

ಹಿಂದೆ ಪರಿಸ್ಥಿತಿ ತಿರುವುಮುರುವಾಗಿತ್ತು. 2013ರಲ್ಲಿ ಆಯೋಗ ತಾರಸಿ ಸೌರ ವಿದ್ಯುತ್ತಿಗೆ ಯೂನಿಟ್‌ಗೆ 9 ರೂಪಾಯಿ 56 ಪೈಸೆಯ ಖರೀದಿ ದರ ಗೊತ್ತುಮಾಡಿತ್ತು. ಮನೆಗೆ ಬರುವ ವಿದ್ಯುತ್ತಿನ ದರ ಅದಕ್ಕಿಂತ ಎಷ್ಟೋ ಕಡಿಮೆಯಿದ್ದ ಕಾಲ ಅದು. ಫಲಕಗಳು ದುಬಾರಿಯಾಗಿದ್ದುದರಿಂದ ಹಾಕಿಸಿದವರಿಗೆ ಅಸಲು ಹುಟ್ಟಲಿ ಎಂಬ ಉದ್ದೇಶದ ದರ. ಆಗ ಬಳಸುವುದಕ್ಕಿಂತ ಮಾರುವುದೇ ಲಾಭ. ಹಾಗಾಗಿ ತಾರಸಿ ತುಂಬ ಫಲಕ ಹಾಕುವುದರಲ್ಲಿ ಅರ್ಥವಿತ್ತು. ಫಲಕಗಳ ಬೆಲೆ ಕುಸಿದಂತೆ ಖರೀದಿ ದರವೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಈಗ ಮಾರುವುದಕ್ಕಿಂತ ಬಳಸುವುದೇ ಲಾಭ. ದೊಡ್ಡ ತಾರಸಿ ಇದೆ ಎಂಬ ಕಾರಣಕ್ಕೇ ದೊಡ್ಡ ಘಟಕ ಹಾಕಿಸುವ ಸಲಹೆ ಆ ಹಳೆಯ ಕಾಲದ್ದು.

ಒಂದು ಬಿಲ್ಲು, ಎರಡು ಮನೆ

2025-26ರ ದರಪಟ್ಟಿಯಂತೆ ಕರ್ನಾಟಕದ ಗೃಹಬಳಕೆಯ ವಿದ್ಯುತ್ತಿಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಇದರ ಮೇಲೆ ಶೇ 9 ತೆರಿಗೆ, ಅಂದರೆ 52 ಪೈಸೆ. ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಯ ಬಾಬತ್ತು 36 ಪೈಸೆ. ಮೂರೂ ಸೇರಿ 6 ರೂಪಾಯಿ 68 ಪೈಸೆ. ಕೊಳ್ಳದೇ ಉಳಿಸಿದ ಒಂದು ಯೂನಿಟ್‌ನ ಬೆಲೆ ಇದು. ಇದಲ್ಲದೆ ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕವಿದೆ. ಒಂದು ಯೂನಿಟ್ಟನ್ನೂ ಬಳಸದಿದ್ದರೂ ಅದನ್ನು ಕಟ್ಟಲೇಬೇಕು. ಸೌರಫಲಕ ಈ ಶುಲ್ಕವನ್ನು ಮುಟ್ಟಲಾರದು.

ತಿಂಗಳಿಗೆ 400 ಯೂನಿಟ್ ಬಳಸುವ, ಮೂರು ಕಿಲೋವ್ಯಾಟ್ ಲೋಡ್ ಇರುವ ಒಂದು ಮನೆಯನ್ನು ತೆಗೆದುಕೊಳ್ಳಬಹುದು. ಅದರ ಬಿಲ್ಲು ನಿಗದಿತ ಶುಲ್ಕ 435 ಸೇರಿ ಸುಮಾರು 3,100 ರೂಪಾಯಿ. ಎರಡು ಲಕ್ಷ ಬೆಲೆಯ ಮೂರು ಕಿಲೋವ್ಯಾಟ್ ಘಟಕ ಹಾಕಿಸಿದರೆ ತಿಂಗಳಿಗೆ ಸರಾಸರಿ 350 ಯೂನಿಟ್ ಹುಟ್ಟುತ್ತದೆ. ಬಿಲ್ಲಿಗೆ ಉಳಿಯುವುದು 50 ಯೂನಿಟ್. ಮೊತ್ತ 770 ರೂಪಾಯಿಯ ಹತ್ತಿರ. ತಿಂಗಳಿಗೆ 2,340 ರೂಪಾಯಿಯಂತೆ ವರ್ಷಕ್ಕೆ 28,000 ಉಳಿಯುತ್ತದೆ. ಸಹಾಯಧನ ಕಳೆದು ಕೈಯಿಂದ ಹಾಕಿದ್ದು 1,22,000. ಅಸಲು ನಾಲ್ಕೂವರೆ ವರ್ಷದೊಳಗೆ ಮರಳುತ್ತದೆ.

ಇನ್ನೊಂದು ಮನೆಯ ಬಳಕೆ 250 ಯೂನಿಟ್. ಅಲ್ಲಿ ಎರಡು ಕಿಲೋವ್ಯಾಟ್ ಘಟಕಕ್ಕೆ 1,40,000 ತಗಲುತ್ತದೆ ಎಂದಿಟ್ಟುಕೊಂಡರೆ, 60,000 ಸಹಾಯಧನ ಕಳೆದು 80,000. ತಿಂಗಳಿಗೆ 233 ಯೂನಿಟ್ ಹುಟ್ಟಿ ಅಷ್ಟೂ ಮನೆಯ ಬಳಕೆಯಲ್ಲೇ ವಜಾ ಆಗುತ್ತದೆ. ವರ್ಷದ ಉಳಿತಾಯ 18,700. ಅಸಲು ಮರಳುವ ಅವಧಿ ಮೊದಲ ಮನೆಯಷ್ಟೇ. ಈ ಮನೆಯವರು ‘ಸಹಾಯಧನ ಪೂರ್ತಿ ಸಿಗಲಿ’ ಎಂದು ಮೂರು ಕಿಲೋವ್ಯಾಟ್ ಹಾಕಿಸಿದರೆ 350 ಯೂನಿಟ್‌ನಲ್ಲಿ 250 ಮಾತ್ರ ಪೂರ್ಣ ಬೆಲೆಗೆ ವಜಾ. ಉಳಿದ ನೂರು ಯೂನಿಟ್‌ಗೆ ಎರಡೂವರೆ ರೂಪಾಯಿ ಹಿಡಿದರೆ 250 ರೂಪಾಯಿ. ಮೂರನೆಯ ಕಿಲೋವ್ಯಾಟ್‌ಗೆ ಸಹಾಯಧನ ಕಳೆದು ಹೆಚ್ಚಾಗಿ ಹಾಕಿದ್ದು 42,000; ಅದರಿಂದ ಹೆಚ್ಚಾಗಿ ಬಂದದ್ದು ವರ್ಷಕ್ಕೆ 4,400ರಷ್ಟು. ಆ ಒಂದು ಕಿಲೋವ್ಯಾಟ್‌ನ ಅಸಲು ಹುಟ್ಟಲು ಒಂಬತ್ತೂವರೆ ವರ್ಷ ಬೇಕು. ಮೊದಲ ಮನೆಯಲ್ಲಿ ನಾಲ್ಕನೆಯ ಕಿಲೋವ್ಯಾಟ್ ಹಾಕಿಸಿದರೂ ಇದೇ ಕಥೆ: 60,000 ಪೂರ್ತಿ ಕೈಯಿಂದ, ಉಳಿತಾಯ ವರ್ಷಕ್ಕೆ ಆರು ಸಾವಿರ, ಅಸಲಿಗೆ ಹತ್ತು ವರ್ಷ.

ಹೆಚ್ಚುವರಿ ಯೂನಿಟ್‌ಗಳು ಪ್ರತಿ ತಿಂಗಳೂ ಹಣದ ರೂಪದಲ್ಲಿ ತೀರುವಳಿಯಾಗುವುದರಿಂದ ಏಪ್ರಿಲ್‌ನಲ್ಲಿ ಕೊಟ್ಟ ಯೂನಿಟ್ಟನ್ನು ಜುಲೈಯಲ್ಲಿ ಯೂನಿಟ್ಟಾಗಿಯೇ ವಾಪಸು ಪಡೆಯಲಾಗದು. ಆದ್ದರಿಂದ ಘಟಕದ ಅಳತೆಯನ್ನು ವರ್ಷದ ಸರಾಸರಿ ಬಳಕೆಗಿಂತ ತುಸು ಕೆಳಗೇ ಇಡುವುದು ಕ್ಷೇಮ. ಹನ್ನೆರಡು ತಿಂಗಳ ಹಳೆಯ ಬಿಲ್ಲುಗಳನ್ನು ಎದುರಿಗಿಟ್ಟುಕೊಂಡರೆ ಆ ಅಳತೆ ತಾನಾಗಿ ಕಾಣುತ್ತದೆ. ಮುಂದೆ ವಿದ್ಯುತ್ ಸ್ಕೂಟರ್, ಇಂಡಕ್ಷನ್ ಒಲೆ ಅಥವಾ ಎಸಿ ಬರುವುದಿದ್ದರೆ ಅವುಗಳ ಯೂನಿಟ್‌ಗಳನ್ನೂ ಸೇರಿಸಿಕೊಳ್ಳಬೇಕು.

ಇನ್ನೂರರ ಗೆರೆ

ಕರ್ನಾಟಕದಲ್ಲಿ ಈ ಲೆಕ್ಕದ ಮೇಲೆ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ ಪ್ರಭಾವ ದೊಡ್ಡದು. 2023ರ ಆಗಸ್ಟ್‌ನಿಂದ ಶೂನ್ಯ ಬಿಲ್ಲು ಕೊಡತೊಡಗಿದ ಈ ಯೋಜನೆಯಲ್ಲಿ, 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಪ್ರತಿ ಮನೆಗೂ ಉಚಿತ ಯೂನಿಟ್‌ಗಳ ಮಿತಿ ಗೊತ್ತುಮಾಡಿದರು, ಗರಿಷ್ಠ 200. ಮಿತಿ ದಾಟಿದರೂ 200ರೊಳಗಿದ್ದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ. 200 ದಾಟಿದರೆ ಪೂರ್ತಿ ಬಿಲ್ಲು.

ತಿಂಗಳಿಗೆ 120 ಯೂನಿಟ್ ಬಳಸಿ ಶೂನ್ಯ ಬಿಲ್ಲು ಪಡೆಯುತ್ತಿರುವ ಮನೆಗೆ ಫಲಕ ಉಳಿಸಿಕೊಡಲು ಏನೂ ಉಳಿದಿಲ್ಲ. ಕೇಂದ್ರದ ಯೋಜನೆ ಕಿಲೋವ್ಯಾಟ್‌ಗೆ ಅತಿ ಹೆಚ್ಚು ಸಹಾಯಧನ ಇಟ್ಟಿರುವುದು ಒಂದು-ಎರಡು ಕಿಲೋವ್ಯಾಟ್ ಸಾಕಾಗುವ ಇಂಥ ಸಣ್ಣ ಮನೆಗಳಿಗೇ. ರಾಜ್ಯದ ಯೋಜನೆಯಿಂದಾಗಿ ಆ ಮನೆಗಳಿಗೇ ಫಲಕದ ಅಗತ್ಯ ಕಾಣದಂತಾಗಿದೆ. ಎರಡು ಸರ್ಕಾರಗಳ ಎರಡು ಉಪಕಾರಗಳು ಒಂದೇ ಬಾಗಿಲಲ್ಲಿ ಎದುರಾದಂತಾಗಿದೆ. ಹೀಗಾಗಿ ರಾಜ್ಯದಲ್ಲಿ ಫಲಕದಿಂದ ನಿಜವಾದ ಲಾಭ ಇರುವುದು ತಿಂಗಳಿಗೆ 200 ಯೂನಿಟ್‌ಗಿಂತ ಹೆಚ್ಚು ಬಳಸುವ ಮನೆಗಳಿಗೆ. ಕಡಿಮೆ ಬಳಕೆಯ ಮನೆಗೆ ಬಿಸಿಲಿನಿಂದ ಸಿಗುವ ಸುಲಭದ ನೆರವು ಹಳೆಯ ಸೋಲಾರ್ ವಾಟರ್ ಹೀಟರೇ. ಬಿಸಿಲನ್ನು ವಿದ್ಯುತ್ತಾಗಿಸುವ ಫಲಕ ಅದರಲ್ಲಿ ಶೇ 20ರ ಆಸುಪಾಸು ಮಾತ್ರ ಹಿಡಿದರೆ, ನೀರು ಕಾಯಿಸುವ ಸಾಧನ ಅರ್ಧದಷ್ಟನ್ನು ಹಿಡಿಯಬಲ್ಲದು.

ಸಾಲ, ಬ್ಯಾಟರಿ, ಕರೆಂಟ್ ಹೋದ ಹೊತ್ತು

ಮೂರು ಕಿಲೋವ್ಯಾಟ್‌ವರೆಗಿನ ಘಟಕಗಳಿಗೆ ಬ್ಯಾಂಕುಗಳು ಅಡಮಾನವಿಲ್ಲದೆ, ರೆಪೊ ದರಕ್ಕಿಂತ ಶೇ 0.5ರಷ್ಟು ಹೆಚ್ಚಿನ ಬಡ್ಡಿಗೆ ಸಾಲ ಕೊಡುವ ವ್ಯವಸ್ಥೆಯೂ ಸೂರ್ಯ ಘರ್ ಯೋಜನೆಯಲ್ಲಿದೆ. 2024ರಲ್ಲಿ ಇದು ಶೇ 7ರಷ್ಟಿತ್ತು. 2025ರಲ್ಲಿ ರೆಪೊ ಇಳಿದಂತೆ ಶೇ 6ರ ಹತ್ತಿರ ಬಂತು. ಎರಡು ಲಕ್ಷದ ಘಟಕಕ್ಕೆ 20,000 ಕೈಯಿಂದ ಹಾಕಿ, ಉಳಿದ ಸಾಲಕ್ಕೆ 78,000 ಸಹಾಯಧನ ಜಮಾ ಮಾಡಿದರೆ ಬಾಕಿ 1,02,000. ಶೇ 6ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ಹಂಚಿದರೆ ತಿಂಗಳ ಕಂತು ಸುಮಾರು 1,130 ರೂಪಾಯಿ. 400 ಯೂನಿಟ್ ಬಳಸುವ ಮನೆಯಲ್ಲಿ ತಿಂಗಳ ಉಳಿತಾಯ ಇದರ ಇಮ್ಮಡಿ. ಕಂತನ್ನು ಕಟ್ಟುವುದು ಹಳೆಯ ಬಿಲ್ಲಿನ ಹಣದಿಂದಲೇ.

ಕರೆಂಟ್ ಹೋದಾಗ ಫಲಕವಿರುವ ಮನೆಯಲ್ಲಿ ದೀಪ ಉರಿಯುತ್ತಿರುತ್ತದೆ ಎಂಬುದು ಹಲವರ ನಂಬಿಕೆ. ಬ್ಯಾಟರಿಯಿಲ್ಲದ ಸಾಮಾನ್ಯ ಆನ್‌ಗ್ರಿಡ್ ಘಟಕದಲ್ಲಿ ಹಾಗಾಗುವುದಿಲ್ಲ. ಎಸ್ಕಾಂನ ತಂತಿಯಲ್ಲಿ ವಿದ್ಯುತ್ ನಿಂತ ಕೂಡಲೇ ಇನ್ವರ್ಟರ್ ತಾನೂ ನಿಲ್ಲುತ್ತದೆ, ಸುಡುಬಿಸಿಲಿನಲ್ಲೂ. ಕಂಬ ಹತ್ತಿ ದುರಸ್ತಿ ಮಾಡುವ ಲೈನ್‌ಮನ್‌ಗೆ ಯಾವುದೋ ತಾರಸಿಯಿಂದ ಹರಿದುಬಂದ ವಿದ್ಯುತ್ ತಗಲಬಾರದು ಎಂಬ ಸುರಕ್ಷತಾ ಕ್ರಮ ಇದು. ಕತ್ತಲೆಗೂ ಆಸರೆ ಬೇಕಿದ್ದರೆ ಹೈಬ್ರಿಡ್ ಇನ್ವರ್ಟರು, ಬ್ಯಾಟರಿ ಬೇಕು. ಬ್ಯಾಟರಿಗೆ ಸಹಾಯಧನವಿಲ್ಲ, ಅದರ ಆಯುಷ್ಯವೂ ಫಲಕದಷ್ಟಿಲ್ಲ. ನೆಟ್ ಮೀಟರಿಂಗ್ ಇರುವ ಕಡೆ ತಂತಿಯೇ ಪುಕ್ಕಟೆ ಬ್ಯಾಟರಿಯಂತೆ ಕೆಲಸ ಮಾಡುವುದರಿಂದ, ಬ್ಯಾಟರಿಯನ್ನು ಉಳಿತಾಯದ ಸಾಧನವೆಂದು ಎಣಿಸಲಾಗದು. ಅದು ಅನುಕೂಲಕ್ಕೆ ಕೊಡುವ ಬೆಲೆ. ಪದೇ ಪದೇ ಕರೆಂಟ್ ಹೋಗುವ ಊರುಗಳಲ್ಲಿ ಮಾತ್ರ ಲೆಕ್ಕ ತುಸು ಬದಲಾಗುತ್ತದೆ: ಹಗಲು ತಂತಿ ಸತ್ತಷ್ಟು ಹೊತ್ತೂ ಆನ್‌ಗ್ರಿಡ್ ಫಲಕದ ದುಡಿಮೆಯೂ ನಷ್ಟ.

ಇಪ್ಪತ್ತೈದು ವರ್ಷ

ಫಲಕಗಳ ಉತ್ಪಾದನೆ ವರ್ಷಕ್ಕೆ ಶೇ 0.5ರ ಆಸುಪಾಸು ಇಳಿಯುತ್ತ ಹೋಗುತ್ತದೆ. ತಯಾರಕರು ಸಾಮಾನ್ಯವಾಗಿ 25 ವರ್ಷದ ಕಾರ್ಯಕ್ಷಮತೆಗೆ ಖಾತರಿ ಕೊಡುತ್ತಾರೆ. ಇನ್ವರ್ಟರ್ ಮಾತ್ರ ಅಷ್ಟು ಬಾಳದು. ಹತ್ತು-ಹನ್ನೆರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಲು ಹಣ ಎತ್ತಿಡಬೇಕು. ದಿನನಿತ್ಯದ ಖರ್ಚು ತೊಳೆಯುವುದಷ್ಟೇ. ಮಳೆಯಿಲ್ಲದ ತಿಂಗಳುಗಳಲ್ಲಿ ದೂಳು, ಹಕ್ಕಿಯ ಹಿಕ್ಕೆ ಕೂತರೆ ಉತ್ಪಾದನೆ ಕುಗ್ಗುತ್ತದೆ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯದೆ ಬೆಳಗಿನ ಜಾವ ಅಥವಾ ಸಂಜೆ ತೊಳೆಯುವುದು ಒಳ್ಳೆಯದು. ಕೊಳವೆಬಾವಿಯ ಗಡಸು ನೀರು ಹಾಗೇ ಒಣಗಿದರೆ ಗಾಜಿನ ಮೇಲೆ ಬಿಳಿಯ ಕಲೆ ಕಟ್ಟುತ್ತದೆ. ಒರೆಸಿ ತೆಗೆಯದಿದ್ದರೆ ದೂಳಿಗಿಂತ ಅದೇ ಹೆಚ್ಚು ಕಾಟ.

2025-26ರ ದರವೇ ಮುಂದುವರಿದರೆ 400 ಯೂನಿಟ್‌ನ ಮನೆಯಲ್ಲಿ 25 ವರ್ಷದ ಉಳಿತಾಯ, ಫಲಕದ ಸವಕಳಿ ಕಳೆದು, ಸುಮಾರು ಆರೂವರೆ ಲಕ್ಷ ರೂಪಾಯಿ. ಆದರೆ ದರ ನಿಂತಲ್ಲೇ ನಿಲ್ಲುವುದಿಲ್ಲ. ಏರುತ್ತಲೇ ಹೋಗುತ್ತದೆ ಎನ್ನುವಂತೆಯೂ ಇಲ್ಲ. 2023-24ರಲ್ಲಿ ನೂರು ಯೂನಿಟ್ ಮೀರಿದ ಮನೆಗಳಿಗೆ ಯೂನಿಟ್‌ಗೆ 7 ರೂಪಾಯಿ ಇತ್ತು. 2024ರ ಏಪ್ರಿಲ್‌ನಲ್ಲಿ ಎಲ್ಲರಿಗೂ ಒಂದೇ ದರ ಮಾಡಿ 5 ರೂಪಾಯಿ 90 ಪೈಸೆಗೆ, ಮರುವರ್ಷ 5 ರೂಪಾಯಿ 80 ಪೈಸೆಗೆ ಇಳಿಸಿದರು. ಅದೇ ಮರುವರ್ಷ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120ರಿಂದ 145ಕ್ಕೆ ಏರಿತು. ಫಲಕ ವಜಾ ಮಾಡಬಲ್ಲ ಭಾಗ ಕುಗ್ಗಿ, ಮುಟ್ಟಲಾರದ ಭಾಗ ಹಿಗ್ಗಿದೆ. ತಂತಿ, ಕಂಬ, ಟ್ರಾನ್ಸ್‌ಫಾರ್ಮರ್‌ಗಳ ಖರ್ಚು ಯೂನಿಟ್ ಮಾರಾಟದಿಂದ ಹುಟ್ಟದಿದ್ದರೆ ಎಸ್ಕಾಂಗಳು ಅದನ್ನು ನಿಗದಿತ ಶುಲ್ಕದಲ್ಲೇ ಹುಡುಕಬೇಕಾಗುತ್ತದೆ. ತಾರಸಿಗಳ ಮೇಲೆ ಫಲಕ ಹೆಚ್ಚಿದಷ್ಟೂ ಈ ಒತ್ತಡವೂ ಹೆಚ್ಚುತ್ತದೆ.

ಅಸಲು ಬೇಗ ಹುಟ್ಟುವ ಘಟಕಕ್ಕೆ ಇಂಥ ಬದಲಾವಣೆಗಳಿಂದ ಅಪಾಯ ಕಡಿಮೆ. ಬಳಕೆಗೆ ತಕ್ಕ ಎರಡು-ಮೂರು ಕಿಲೋವ್ಯಾಟ್ ಹಾಕಿಸಿದ ಮನೆ ನಾಲ್ಕೈದು ವರ್ಷದಲ್ಲಿ ಅಸಲು ಪಡೆದಿರುತ್ತದೆ. ಆಮೇಲೆ ದರ ಎತ್ತ ಹೋದರೂ ಬಂದಷ್ಟು ಲಾಭವೇ. ಬಳಕೆ ಮೀರಿ ಹಾಕಿಸಿದ ಕಿಲೋವ್ಯಾಟ್ ಮಾತ್ರ ಹತ್ತು ವರ್ಷ ದರಪಟ್ಟಿಯ ಮುಖ ನೋಡುತ್ತ ಕೂರಬೇಕಾಗುತ್ತದೆ.